ಮೋಟರ್ ಲೈನಿಗೆ ಸಿಕ್ಕಿಹಾಕ್ಕೊಂಡ ಟಪಾಲು

ತೋಟದ ಮನೆ, ಕಡೂರು
ಬುಧವಾರ, ಡಿಸೆಂಬರ್ 10, ಸಂಜೆ

ಮುದ್ದಿನ ಸೊಸೆ ಹೇಮಶ್ರೀಗೆ, ನಿನ್ನತ್ತೆ ಪ್ರೇಮಮ್ಮ ಮಾಡುವ ಆಶೀರ್ವಾದಗಳು.

ಹೇಗಿದೀಯವ್ವಾ? ಈ ಚಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಬಿಸಿನೀರು ಕುಡಿ, ತರೀಕೆರೆ ನಿನ್ನ ತವರೂರು ಅಂತ ಚಳಿ ನಿನಗೆ ವಿನಾಯಿತಿ ಕೊಡಲ್ಲ. ಬೀಗಿತ್ತಿ ಮಲ್ಲಿಕಾಂಬ ಅವರ ಮಂಡಿನೋವು ಕಮ್ಮಿಯಾಯ್ತಾ? ಅವರಿಗೆ ನಾನು ಕೇಳಿದೆ ಅಂತ ಹೇಳು. ಇಲ್ಲಿ ಎಲ್ಲಾ ಚೆನ್ನಾಗಿದೀವಿ. ನಿಮ್ಮಾವನೋರು ಊಟಕ್ಕೆ ಕೂತಾಗೆಲ್ಲ ಹೇಮ ಯಾವಾಗ ಬತ್ತಾಳೆ ಅಂತ ಕೇಳ್ತಾರೆ. ನಿನ್ ಗಂಡ ಕೇಳಲ್ಲ, ಮುಖ ಊದಿಸ್ಕೊಂಡು ತಟ್ಟೆ ನೋಡ್ಕೊಂಡು ಉಣ್ತಾನೆ. ನಾನು ಫೋನ್ ಮಾಡಿದ್ರೆ ನೀನು ಎತ್ತಲ್ಲ, ಅದಕ್ಕೇ ಈ ಮೈಲು. ನಗಬೇಡ, ನಮ್ಮನೆ ಮೆಟ್ಟಿಲ ಕೆಳಗಿರೋ ಆ ದರಿದ್ರ ಮೈಲ್ ಸರ್ವರ್ ಡಬ್ಬದಿಂದಲೇ ಕಳಿಸ್ತಿದೀನಿ.

ನೇರವಾಗಿ ಹೇಳ್ಬಿಡ್ತೀನಿ. ನಂಗೆ ತುಂಬಾ ನೋವಾಗಿತ್ತು ಕಣೇ. ಅಜ್ಜಂಪುರದ ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಬೇಕು ಅಂತ ಬಂದಾಗ ಅಷ್ಟು ದೂರ ದಿನಾ ಓಡಾಡೋದು ಯಾಕೆ ಅಂತ ಅಂದಿದ್ದು ನಿಜ. ಅಂದೆ, ಇಲ್ಲ ಅನ್ನಲ್ಲ, ನನ್ನ ಬಾಯಿ ನಿಂಗೊತ್ತಲ್ಲ. ನೀನು ಮಧ್ಯಾಹ್ನಕ್ಕೆ ಮುಂಚೆಯೇ ಪಡಸಾಲೆ ಕಂಪ್ಯೂಟರಿನಿಂದ ಅರ್ಜಿ ಕಳಿಸಿದೆ, ಹೋಯ್ತು ಅಂತ ಅದು ತೋರಿಸ್ತು. ಐದು ಗಂಟೆ ಗಡುವು. ಸ್ಕೂಲಿಗೆ ಸೇರಿದ್ದು ಕತ್ತಲಾದ ಮೇಲೆ. ಅವರು ತಡವಾಯ್ತು ಅಂತ ತಿರಸ್ಕರಿಸಿದ್ರು. ಮನೆ ಮೈಲಿನ ಪಾಸ್‌ವರ್ಡು, ಬೀಗ, ಕೀಲಿಕೈ ಎಲ್ಲ ನನ್ನ ಹತ್ರ ಇರೋದ್ರಿಂದ ನಾನೇ ತಡೆದೆ ಅಂತ ನೀನು ಅಂದ್ಕೊಂಡೆ. "ಬೇಡ ಅಂತ ಬಾಯಲ್ಲೇ ಹೇಳಿದ್ರೆ ಸಾಕಿತ್ತು ಅತ್ತೆ" ಅಂದು, ಬ್ಯಾಗ್ ತಗೊಂಡು ಬಸ್ ಹತ್ಬಿಟ್ಟೆ. ನಾನು ಕಡೂರು ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೋಳು. ಸಾವಿನ ಸುದ್ದಿ, ಹೆರಿಗೆ ಸುದ್ದಿ, ಬೈಗುಳ, ಎಲ್ಲಾ ಈ ಕೈಲೇ ಜೋಡಿಸಿದೀನಿ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದ ಹಾಗೆ ಒಂದು ದಿನಾನೂ ಮಾಡಿಲ್ಲ. ಸೊಸೆದು ತಡೀತೀನಾ? ಆವತ್ತೇ ತೀರ್ಮಾನ ಮಾಡ್ದೆ, ಈ ಡಬ್ಬದ ಹುಳುಕು ಹಿಡಿದೇ ತೀರ್ತೀನಿ ಅಂತ.

ನಿನ್ ಗಂಡ ಸಿದ್ದಲಿಂಗೇಶನ ಪಾಡು ಹೇಳ್ತೀನಿ ಕೇಳು. ನಮ್ಮ ಪತ್ರ ನಮ್ಮನೇಲೇ ಇರ್ಬೇಕು, ಬೇರೆ ಕಂಪನಿಯೋರ ಮನೇಲಿ ಯಾಕಿರ್ಬೇಕು ಅಂತ ಈ ಸರ್ವರ್ ಕೂರಿಸಿದೋನು ಅವನೇ ತಾನೆ? ಡ್ರಿಪ್ ಪೈಪಿನ ಅಂಗಡಿ ಮುಚ್ಚಿ ಬಂದೋನೇ ಅದರ ಮುಂದೆ ಕೂರೋನು. ಅದರ ಲಾಗು, ಅಂದ್ರೆ ಅದು ತಾನೇ ಬರ್ಕೊಳ್ಳೋ ದಿನಚರಿ, ತೆಗೆದ್ರೆ ಸಾಲುಸಾಲಾಗಿ ಒಂದೇ ದೂರು, ಆಚೆ ಸಂಪರ್ಕ ಸಿಕ್ಕಿಲ್ಲ, ಆಮೇಲೆ ನೋಡ್ತೀನಿ ಅಂತ. ವಿಳಾಸ ಹುಡುಕೋ ಸೆಟ್ಟಿಂಗ್ ಬದಲಾಯಿಸ್ದ. ಮಾರನೇ ದಿನ ಮೈಲು ಪಟಪಟ ಹೋದ್ವು. ನೋಡಮ್ಮ ಹೇಗೆ ಸರಿ ಮಾಡ್ದೆ ಅಂತ ಎದೆಯುಬ್ಬಿಸ್ಕೊಂಡು ತಿರುಗ್ದ. ಒಂದು ವಾರ ಕಳೀತು, ಮತ್ತೆ ಅದೇ ರಾಮಾಯಣ. ಆಚೆ ಕಡೆ ದೊಡ್ಡ ಕಂಪನಿಯೋರು ಹೊಸ ಮುಖ ಕಂಡ್ರೆ ಬಾಗಿಲಲ್ಲೇ ಕಾಯಿಸ್ತಾರಂತೆ, ಅದೇ ಇರ್ಬೇಕು ಅಂದ, ಅದಕ್ಕೊಂದು ಔಷಧಿ ಹಾಕ್ದ. ಮತ್ತೆ ಒಂದು ವಾರ ಸರಿ, ಮತ್ತೆ ಒಂದು ವಾರ ಕೆಟ್ಟಿತು. ಪಾಪ, ತಲೆಗೂದಲು ಕಿತ್ಕೊಳ್ಳೋದೊಂದು ಬಾಕಿ. ನಂಗೆ ಅಲ್ಲೇ ಅನುಮಾನ ಬಂದಿದ್ದು. ರೋಗ ವಾರ ಬಿಟ್ಟು ವಾರ ಬಂದು ಹೋಗ್ತದಾ?

ಮೊನ್ನೆ ಸೋಮವಾರ ಊಟ ಆದ್ಮೇಲೆ ಕನ್ನಡಕ ಏರಿಸ್ಕೊಂಡು ನಾನೇ ಲಾಗು ನೋಡ್ತಾ ಕೂತಿದ್ದೆ. ಬೆಳಗ್ಗಿಂದ ಕಳಿಸಿದ ಮೈಲೆಲ್ಲ ಕ್ಯೂನಲ್ಲಿ ನಿಂತಿದ್ವು. ಅಷ್ಟರಲ್ಲಿ ನಿಮ್ಮಾವನೋರು "ತ್ರೀ ಫೇಸ್ ಬಂತು ಕಣೇ!" ಅಂತ ಕೂಗ್ಕೊಂಡು ಚಪ್ಪಲಿ ಸಹ ಮೆಟ್ಟದೆ ಮೋಟರ್ ಮನೆಗೆ ಓಡಿದ್ರು. ಬೋರ್‌ವೆಲ್ ಶುರುವಾಗಿ ತೊಟ್ಟಿಗೆ ದಬದಬ ಅಂತ ನೀರು ಬಿತ್ತು. ಸ್ವಲ್ಪ ಹೊತ್ತಿಗೆ ನನ್ನ ಕಣ್ಮುಂದೆ ಕ್ಯೂನಲ್ಲಿದ್ದ ಮೈಲು ಒಂದರ ಹಿಂದೊಂದು ಹೊರಟ್ವು! ಅಯ್ಯೋ ಶಿವನೇ ಅಂದೆ. ಮೋಟರಿನ ತ್ರೀ ಫೇಸ್ ಕರೆಂಟು ನಮ್ಮ ಲೈನಿಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ ತಾನೆ? ಈ ಸೋಮವಾರದಿಂದ ಹಗಲ ಪಾಳಿ. ನೀನು ಅರ್ಜಿ ಕಳಿಸಿದ್ದು ರಾತ್ರಿ ಪಾಳಿ ವಾರದಲ್ಲಿ. ತಕ್ಷಣ ಮೋಟರ್ ಮನೆಗೆ ಹೋಗಿ ನೋಡ್ತೀನಿ, ಸ್ಟಾರ್ಟರ್ ಪಕ್ಕದಲ್ಲಿ ಮೊಳೆಗೆ ನೇತಾಡ್ತಾ ಇಂಟರ್ನೆಟ್ಟಿನ ಫೈಬರ್ ಡಬ್ಬ ಹಸಿರು ದೀಪ ಮಿಣುಕಿಸ್ತಾ ಕೂತಿದೆ.

ಆಗಿದ್ದೇನು ಗೊತ್ತಾ? ದೀಪಾವಳಿಗೆ ಸುಣ್ಣ ಬಣ್ಣ ಹೊಡೆಸಿದಾಗ ಆ ಡಬ್ಬ ಗೋಡೆಯಿಂದ ಬಿಚ್ಚಿದ್ವಲ್ಲ, ದೇವರಮನೆ ಪಕ್ಕ ಮಿಣುಮಿಣುಕು ಬೇಡ ಅಂತ ನಿಮ್ಮಾವನೋರು ಎಲೆಕ್ಟ್ರಿಷಿಯನ್ ದೊಡ್ಡಬೀರಪ್ಪನಿಗೆ ಹೇಳಿ ಮೋಟರ್ ಮನೆಗೆ ಸಾಗಹಾಕ್ಸಿದ್ರು. ಅವನು ಕೈಗೆ ಸಿಕ್ಕಿದ ಪ್ಲಗ್ಗಿಗೆ ಚುಚ್ಚಿ ಹೋಗಿದಾನೆ, ಅದು ಮೋಟರಿನ ಲೈನು! ತ್ರೀ ಫೇಸ್ ಇದ್ರೆ ಡಬ್ಬಕ್ಕೆ ಜೀವ, ಇಲ್ದಿದ್ರೆ ನಿದ್ದೆ. ಮನೆಯೊಳಗೆ ಸರ್ವರ್ ಮಾತ್ರ ಇನ್ವರ್ಟರಿನಲ್ಲಿ ಜಮ್ಮಂತ ಕೂತು, ನಾವು ಕೊಟ್ಟಿದ್ದನ್ನೆಲ್ಲ ಈಸ್ಕೊಂಡು ಹೋಯ್ತು ಹೋಯ್ತು ಅಂತಿತ್ತು. ನಮ್ಮ ಫೋನು, ನಿನ್ ಗಂಡನ ಲ್ಯಾಪ್‌ಟಾಪು ಎಲ್ಲಾ ಸಿಮ್ಮಿನ ನೆಟ್ಟಲ್ಲಿ ಓಡೋದ್ರಿಂದ ಮನೆ ನೆಟ್ ಸತ್ತಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ. ಬರೀ ಊಹೆ ಅನ್ಬಾರ್ದು ಅಂತ ಆ ಪ್ಲಗ್ ಕಿತ್ತು ಒಂದು ಮೈಲು ಕಳಿಸ್ದೆ, ನಿಂತ್ಕೊಳ್ತು. ಚುಚ್ಚಿದೆ, ಹೊರಡ್ತು. ಮತ್ತೆ ಕಿತ್ತೆ, ಮತ್ತೆ ನಿಂತ್ಕೊಳ್ತು. ನಿನ್ ಗಂಡನ್ನ ಅಂಗಡಿಯಿಂದ ಕರೆಸಿ ತೋರಿಸ್ದೆ. ಮೊದಲು ಬೆಪ್ಪಾಗಿ ನಿಂತ, ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕ, ನೀನು ಹೋದ್ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನಿಮ್ಮಾವನೋರು ಮಾತ್ರ ಏನೂ ಕೇಳಿಸದೋರ ಹಾಗೆ ತೆಂಗಿನ ಬುಡಕ್ಕೆ ನೀರು ತಿರುಗಿಸ್ತಿದ್ರು. ದೊಡ್ಡಬೀರಪ್ಪನ್ನ ನಿಲ್ಲಿಸ್ಕೊಂಡು ಡಬ್ಬ ವಾಪಸ್ ಪಡಸಾಲೆಗೆ ತರಿಸಿ ಇನ್ವರ್ಟರಿಗೆ ಹಾಕ್ಸಿದೀನಿ. ಈಗ ತ್ರೀ ಫೇಸ್ ಇರ್ಲಿ ಬಿಡ್ಲಿ, ಮೈಲು ಕಣ್ಣು ಮಿಟುಕಿಸೋದ್ರೊಳಗೆ ಹೋಗ್ತದೆ. ಗೆದ್ದೆ ಕಣೇ ಹೇಮಾ! ಊರಿಗೆಲ್ಲ ಸಕ್ಕರೆ ಹಂಚೋಣ ಅನ್ನಿಸ್ತು.

ನಿನ್ನ ಕೇಳದೇ ಒಂದು ಕೆಲಸ ಮಾಡಿದೀನಿ, ಬೈಬೇಡ. ಪ್ರತಿ ಮೈಲಿನ ಹಿಂದೆ ಅಂಚೆ ಮುದ್ರೆ ಥರ ಗಂಟೆ ಬಿದ್ದಿರುತ್ತಲ್ಲ, ನಿನ್ನ ಅರ್ಜಿ ಮಧ್ಯಾಹ್ನಕ್ಕೆ ಮುಂಚೆಯೇ ನಮ್ಮ ಸರ್ವರಿಗೆ ಬಿದ್ದು ಕತ್ತಲಾಗೋವರೆಗೆ ಕಾದಿದ್ದು ಅದರಲ್ಲಿ ಸ್ಪಷ್ಟವಾಗಿದೆ. ಅದನ್ನ ಸ್ಕೂಲಿನ ಹೆಡ್‌ಮಿಸ್ ಯಶೋದಾ ಅವರಿಗೆ ಕಳಿಸಿ, ತಪ್ಪು ಹುಡುಗೀದಲ್ಲ ತಾಯಿ, ನಮ್ಮ ಮೋಟರ್ ಮನೇದು, ದಯವಿಟ್ಟು ಇನ್ನೊಂದು ಸಲ ನೋಡಿ ಅಂತ ಬರ್ದಿದೀನಿ. ಅವರು ಏನಂತಾರೋ ಏನೋ. ಏನೇ ಅನ್ಲಿ, ನಿನ್ನ ಅತ್ತೆ ನಿನ್ನ ದಾರಿಗೆ ಅಡ್ಡ ಬಂದೋಳಲ್ಲ ಅನ್ನೋದು ನಿಂಗೆ ಗೊತ್ತಾದ್ರೆ ಸಾಕು.

ಬೀಗರಿಗೆ ಶರಣು ಹೇಳು. ನಿಂಗೆ ಒಳ್ಳೇದಾಗ್ಲಿ, ನೂರು ಕಾಲ ನಗ್ತಾ ಬಾಳು.

ಇಂತಿ ನಿನ್ನತ್ತೆ,
ಪ್ರೇಮಮ್ಮ

ತಾ.ಕ.: ಇನ್ನೇನು ಕಳಿಸ್ಬೇಕು, ಅಷ್ಟರಲ್ಲಿ ಯಶೋದಾ ಮೇಡಂ ಉತ್ತರ ಬಂದ್ಬಿಡ್ತು ಕಣೇ! ಜಾಗ ಇನ್ನೂ ಖಾಲಿ ಇದೆಯಂತೆ. ನಾಳೆ ಬೆಳಗ್ಗೆ ಹತ್ತಕ್ಕೆ ಅಸಲಿ ಸರ್ಟಿಫಿಕೇಟ್ ತಗೊಂಡು ಬರ್ಬೇಕಂತೆ. ಅವೆಲ್ಲ ಇಲ್ಲೇ ಬೀರುವಿನಲ್ಲಿದಾವೆ, ನಾನೇ ತರ್ತೀನಿ. ನೀನು ತರೀಕೆರೆಯಿಂದ ಸೀದಾ ಹೊರಡು, ನಾನು ಒಂಬತ್ತಕ್ಕೇ ಬಂದು ಅಜ್ಜಂಪುರ ಬಸ್ ಸ್ಟ್ಯಾಂಡಿನಲ್ಲಿ ನಿಂತಿರ್ತೀನಿ. ಬೇಡ ಅನ್ನೋಳು ಹಾಗೆ ಬಂದು ಕಾಯಲ್ಲ ಹೇಮಾ. ಬಾರವ್ವಾ.