ಅಳತೆ ಪುಸ್ತಕದಲ್ಲಿ ನನ್ನ ಪುಟ

ಹೊಲಿಗೆ ಅಂಗಡಿಯಿಂದ
ಮಾರ್ಚ್ ೧೪, ಮಧ್ಯಾಹ್ನ

ನನ್ನ ಪುಟ್ಟಿಗೆ, ಅಮ್ಮನಿಂದ ಒಂದು ಬಿಗಿಯಾದ ಅಪ್ಪುಗೆ.

ಮೊದಲು ಒಳ್ಳೆಯ ಸುದ್ದಿ ಓದಿಕೋ, ಆಮೇಲೆ ಬೈಯುವೆಯಂತೆ. ನಾನು ಗೆದ್ದಿದ್ದೇನೆ. ಇವತ್ತು ಬೆಳಿಗ್ಗೆ ಡಾಕ್ಟರಮ್ಮ ರಿಪೋರ್ಟು ನೋಡಿ, ಗಡ್ಡೆ ಪೂರ್ತಿ ಹೋಗಿದೆ, ಬೇರೆಲ್ಲೂ ಹರಡಿಲ್ಲ ಅಂದರು. ಯಾವ ಗಡ್ಡೆ ಎಂದು ನಿನ್ನ ಎದೆ ಧಸಕ್ಕೆಂದಿರುತ್ತದೆ. ಕೂತುಕೊಂಡು ಓದು.

ಹೋದ ವರ್ಷ ನನ್ನ ಬೆರಳುಗಳು ಬಿಗಿದು, ಚಳಿಗೆ ನೀಲಿಗಟ್ಟಿ, ಕೊನೆಗೆ ಅದಕ್ಕೆ ಸಿಸ್ಟಮಿಕ್ ಸ್ಕ್ಲೆರೋಸಿಸ್ ಎಂದು ಹೆಸರು ಸಿಕ್ಕ ದಿನ ನೀನೂ ಜೊತೆಗಿದ್ದೆ. ಚರ್ಮ ಗಟ್ಟಿಯಾಗುವ ಈ ಕಾಯಿಲೆಯವರಿಗೆ, ಅದರಲ್ಲೂ ಮೊದಲ ಕೆಲವು ವರ್ಷ, ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ತುಸು ಹೆಚ್ಚು, ಆದ್ದರಿಂದ ಸ್ತನ, ಶ್ವಾಸಕೋಶ ಎಲ್ಲ ತಪಾಸಣೆ ಮಾಡಿಸಿ ಎಂದು ಡಾಕ್ಟರಮ್ಮ ಹೇಳಿದರು. ನೀನು ಅದನ್ನು ಚೀಟಿಯಲ್ಲಿ ಬರೆದು ಹೊಲಿಗೆ ಮಿಷನ್ನಿಗೆ ಅಂಟಿಸಿ ಕಾಲೇಜಿಗೆ ಹೊರಟೆ. ನನಗೆ ಮೈಯೆಲ್ಲ ಉರಿಯಿತು. ಒಂದು ಕಾಯಿಲೆ ಸಾಲದೆಂದು ಇನ್ನೊಂದನ್ನು ಹುಡುಕಿಕೊಂಡು ಹೋಗಬೇಕೇ ಎಂದು ಚೀಟಿಯ ಮೇಲೆ ಬಟ್ಟೆ ರಾಶಿ ಹಾಕಿದೆ. ನಿನಗೆ ಮಾತ್ರ, ಎಲ್ಲ ಪರೀಕ್ಷೆ ಮುಗಿಯಿತು, ಏನೂ ಇಲ್ಲವಂತೆ ಎಂದು ಬರೆದೆ.

ಸುಳ್ಳು, ಪುಟ್ಟಿ. ಆಸ್ಪತ್ರೆಯ ಮೆಟ್ಟಿಲೂ ಹತ್ತಿರಲಿಲ್ಲ. ಫೋನಿನಲ್ಲಾದರೆ ನನ್ನ ದನಿಯೇ ನನ್ನನ್ನು ಹಿಡಿದುಕೊಡುತ್ತದೆ, ಅದಕ್ಕೇ ಪತ್ರ.

ನೀನು ರಿಪೋರ್ಟು ಕಳಿಸು ಎಂದೆ. ಎಲ್ಲೋ ಕಳೆದುಹೋಗಿದೆ ಎಂದು ನಾನು ಬರೆದೆ. ಹಾಗಾದರೆ ಇನ್ನೊಂದು ಪ್ರತಿ ತೆಗೆಸು ಎಂದು ನೀನು ಬರೆದೆ. ಈ ಹಟ ನಿನಗೆ ಯಾರಿಂದ ಬಂತೋ. ಹೇಳಿದ ಸುಳ್ಳಿಗೊಂದು ಕಾಗದ ಬೇಕಲ್ಲ, ಅದಕ್ಕಾಗಿ ಹೋದೆ. ಎಡ ಎದೆಯಲ್ಲಿ ಅಂಗಿಯ ಗುಂಡಿಯಷ್ಟು ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಬಟ್ಟೆಯಲ್ಲಿ ಸಣ್ಣ ಗಂಟಿದ್ದರೂ ಕಣ್ಣು ಮುಚ್ಚಿಕೊಂಡು ಹುಡುಕುತ್ತಿದ್ದವಳು ನಾನು. ಮರಗಟ್ಟಿದ ಈ ಬೆರಳುಗಳಿಗೆ ನನ್ನ ಮೈಯೊಳಗಿನ ಗಂಟು ತಿಳಿದಿರಲೇ ಇಲ್ಲ.

ಅವತ್ತು, ಬಟ್ಟೆ ಹಾಕಿ ನೋಡುವ ಮೂಲೆಯ ಪರದೆ ಎಳೆದುಕೊಂಡು ಅತ್ತುಬಿಟ್ಟೆ. ಹೊರಗೆ ನಿನ್ನ ಚಿಕ್ಕಮ್ಮ ಗಿರಾಕಿಗಳಿಗೆ, ಅಕ್ಕ ಒಳಗೆ ಅಳತೆ ನೋಡ್ತಿದಾಳೆ, ಸ್ವಲ್ಪ ಕೂತ್ಕೊಳ್ಳಿ ಅಂತ ಸಾಗಹಾಕುತ್ತಿದ್ದಳು.

ಗಡ್ಡೆಯನ್ನಷ್ಟೇ ತೆಗೆದರೆ ಆಮೇಲೆ ವಿಕಿರಣ ಕೊಡಬೇಕಾಗುತ್ತದೆ, ನಿಮ್ಮ ಚರ್ಮಕ್ಕೆ ಅದು ಆಗಿಬರದಿರಬಹುದು, ಆ ಸ್ತನವನ್ನೇ ತೆಗೆದುಬಿಡೋಣವೇ ಎಂದು ಡಾಕ್ಟರಮ್ಮ ಕೇಳಿದರು. ಅಳತೆ ಸರಿಯಾಗಿ ನೋಡಿ ಕತ್ತರಿ ಹಾಕಿ, ಉಳಿದದ್ದನ್ನು ನಾನು ಹೊಂದಿಸಿಕೊಳ್ಳುತ್ತೇನೆ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಬೆರಳು ಸೆಟೆದುಕೊಂಡಿವೆ ಎಂದು ಚಿಕ್ಕಮ್ಮನ ಕೈಲಿ ಬರೆಸಿದ ಪತ್ರಗಳು ಬಂದವಲ್ಲ, ಅವು ಆಸ್ಪತ್ರೆಯ ಹಾಸಿಗೆಯಿಂದ ಬಂದವು. ನಿನ್ನ ಕೊನೆಯ ವರ್ಷದ ಪರೀಕ್ಷೆ ಕೆಡಬಾರದು ಎಂದುಕೊಂಡೆ. ಮುಚ್ಚಿಟ್ಟದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ.

ಇವತ್ತು ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದೆ. ಅಳತೆ ಪುಸ್ತಕದಲ್ಲಿ ನನ್ನ ಪುಟ ತೆಗೆದು, ಎದೆಗೆ ಟೇಪು ಸುತ್ತಿ, ಹಳೆಯ ಅಳತೆಗೆ ಗೆರೆ ಎಳೆದು ಕೆಳಗೆ ಹೊಸದನ್ನು ಬರೆದೆ. ಆ ಅಳತೆಗೆ ಒಂದು ಕೆಂಪು ಕೋಟು ಕತ್ತರಿಸಿಟ್ಟಿದ್ದೇನೆ. ಇಪ್ಪತ್ತೆಂಟು ವರ್ಷ ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳಲ್ಲೇ ನನ್ನ ಬಟ್ಟೆ ಹೊಂದಿಸಿಕೊಂಡವಳು, ಮೊದಲ ಸಲ ನನಗಾಗಿ ಹೊಸ ಬಟ್ಟೆಯ ಥಾನು ಬಿಚ್ಚಿದೆ. ಇನ್ನು ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಆ ಕೋಟು ತೊಟ್ಟುಕೊಂಡೇ ಹೋಗುತ್ತೇನೆ. ನಿನ್ನ ಚೀಟಿ ಮತ್ತೆ ಮಿಷನ್ನಿನ ಮೇಲಿದೆ.

ಪರೀಕ್ಷೆ ಮುಗಿಯಿತಲ್ಲ, ಬಂದು ಹೊಟ್ಟೆ ತುಂಬ ಬೈ. ನಿನ್ನನ್ನು ನೋಡಬೇಕೆನ್ನಿಸುತ್ತಿದೆ.

ನಿನ್ನ ಸುಳ್ಳುಬುರುಕಿ,
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಚಿಕ್ಕಮ್ಮ ಬಾಯಿಬಿಟ್ಟಳು. ಆಪರೇಷನ್ ವಿಷಯ ನಿನಗೆ ಹೇಳಿಲ್ಲವಂತೆ. ಆದರೆ ನಾನು ತಪಾಸಣೆಗೇ ಹೋಗಿಲ್ಲವೆಂದು ಮೊದಲೇ ತಿಳಿಸಿದ್ದಳಂತೆ. ಜಗಳ ತೆಗೆದರೆ ಅಮ್ಮ ಇನ್ನೂ ಹಟ ಹಿಡಿಯುತ್ತಾಳೆ ಎಂದು, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ರಿಪೋರ್ಟು ಕೇಳುತ್ತಲೇ ಇದ್ದೆಯಂತೆ. ತಗೋ ಕಳ್ಳಿ, ರಿಪೋರ್ಟು ಜೊತೆಗಿಟ್ಟಿದ್ದೇನೆ. ಇದು ಅಸಲಿ.