ತೊಡದ ಅಂಗಿಗಳ ಕೌದಿ

ದಾವಣಗೆರೆ
೨-೬-೧೯೬೩, ಭಾನುವಾರ

ಖುರ್ಷೀದಾಳ ಅಬ್ಬಾ ಅವರಿಗೆ ಖೈರುನ್ನೀಸಾಳ ಸಲಾಂ.

ಮೊದಲು ನಿಮ್ಮ ಆರೋಗ್ಯದ ಮಾತು. ಬಲಗಣ್ಣು ಮಂಜಾಗುತ್ತಿದೆ, ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕರೆಯಬೇಕಾಗಿದೆ ಎಂದು ಹೋದ ಕಾರ್ಡಿನಲ್ಲಿ ಬರೆದಿದ್ದಿರಿ. ಡಾಕ್ಟರಿಗೆ ತೋರಿಸಿದಿರಾ? ಕನ್ನಡಕ ಹಾಕಿದರೆ ದರ್ಜಿಯ ಮಾನವೇನೂ ಹೋಗುವುದಿಲ್ಲ. ಮುಂಬಯಿಯಲ್ಲಿ ಇಷ್ಟರಲ್ಲೇ ಮಳೆ ಹಿಡಿಯುತ್ತದೆ, ನೆನೆದ ಅಂಗಿಯಲ್ಲೇ ಕತ್ತರಿ ಹಿಡಿದು ನಿಲ್ಲಬೇಡಿ. ಖಾನಾವಳಿಯವನು ಮತ್ತೆ ಸೋಡಾ ಹಾಕಿ ಅನ್ನ ಬೇಯಿಸುತ್ತಿದ್ದರೆ ಎರಡು ರೊಟ್ಟಿ ತಿಂದುಕೊಂಡಿರಿ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮಷಿನ್ ತುಳಿದು ತುಳಿದು ಸಂಜೆಗೆ ಮುನಿಸಿಕೊಳ್ಳುತ್ತದೆ. ಗುತ್ತೂರಿನ ಮಾಬೂಬೀ ಆಪಾ ಮೊನ್ನೆ ಬಂದು ಹೋದರು. ತಮ್ಮನಿಗೆ ಅಕ್ಕನ ನೆನಪು ಇದೆಯೋ ಇಲ್ಲವೋ ಕೇಳು ಎಂದರು. ಕೇಳಿದ್ದೇನೆ.

ಲಕೋಟೆಯ ಮೇಲಿನ ಅಕ್ಷರ ನೋಡಿ ನೀವು ಗಾಬರಿಯಾಗಿರಬೇಕು. ನೀವು ಹೋದ ಮೊದಲೆರಡು ವರ್ಷ ವಿಳಾಸ ಬರೆದುಕೊಟ್ಟವರು ಹರಿಹರದ ಪೋಸ್ಟ್‌ಮ್ಯಾನ್ ಮೈಲಪ್ಪನವರು, ಆಮೇಲೆ ಇಷ್ಟು ವರ್ಷವೂ ಖುರ್ಷೀದಾ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಕೈಯಲ್ಲಿ ಬರೆಯಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ಈ ಸಲ ನಾನೇ ಬರೆದೆ. ಎರಡು ಲಕೋಟೆ ಹಾಳು ಮಾಡಿ ಮೂರನೆಯದರಲ್ಲಿ ನಿಮ್ಮ ಹೆಸರು ನೆಟ್ಟಗೆ ಬಂತು. ಯಾರಿಗೂ ಏನೂ ಆಗಿಲ್ಲ, ಭಯ ಬೇಡ. ಖುರ್ಷೀದಾ ಬರೆಯಲು ಒಪ್ಪಲಿಲ್ಲ, ಅಷ್ಟೇ. ಯಾಕೆ ಎನ್ನುವುದನ್ನು ಹೇಳಲಿಕ್ಕೇ ಈ ಕಾಗದ.

ಸಿಹಿ ಸುದ್ದಿ ಮೊದಲು. ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಸೆಕೆಂಡ್ ಕ್ಲಾಸು. ಲೆಕ್ಕದಲ್ಲಿ ನಿಮ್ಮ ಹಾಗೆ, ಬರವಣಿಗೆಯಲ್ಲಿ ನನ್ನ ಹಾಗೆ ಎಂದು ನಾನು ಎಲ್ಲರಿಗೂ ಹೇಳಿದೆ, ಯಾರೂ ಕೇಳಿರಲಿಲ್ಲ. ಧಾರವಾಡದ ಟ್ರೈನಿಂಗ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲೂ ಸಿಕ್ಕಿದೆ. ಇದೇ ಹದಿನೇಳನೆಯ ತಾರೀಕು ಸೋಮವಾರ ಗಾಡಿ ಹತ್ತುತ್ತಾಳೆ. ಎರಡು ವರ್ಷ ಕಳೆದರೆ ಟೀಚರು. ನಮ್ಮ ಎರಡೂ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಮೊದಲ ಹೆಣ್ಣು. ಸಂತೋಷ ಎಷ್ಟಾಯಿತೋ ಅಷ್ಟೇ ಸಂಕಟವೂ ಆಯಿತು. ನೀವು ಎರಡು ವರ್ಷ ಎಂದು ಹೋದವರು ಹತ್ತು ವರ್ಷವಾಯಿತು. ಇವಳೂ ಎರಡು ವರ್ಷ ಅನ್ನುತ್ತಿದ್ದಾಳೆ.

ಇನ್ನು ನನ್ನ ತಪ್ಪೊಪ್ಪಿಗೆ. ಕೂತು ಓದಿ.

ಐವತ್ತೆರಡರ ಜೂನ್ ನೆನಪಿದೆಯೇ? ಹರಿಹರದ ಅಂಗಡಿಯಲ್ಲಿ ನೀವು ಖುರ್ಷೀದಾಳನ್ನು ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿ, ಟೇಪು ಮುಟ್ಟದೆ ಒಂದು ಸಲ ಮೇಲಿಂದ ಕೆಳಗೆ ನೋಡಿ, ಒಂದನೇ ಕ್ಲಾಸಿನ ಅಂಗಿ ಕತ್ತರಿಸಿದಿರಿ. ಬೂದಿ ಬಣ್ಣದ ಮೇಲೆ ಬಿಳಿ ಚುಕ್ಕೆ. ಕಾಲರಿನ ಒಳಗೆ ನಿಮ್ಮ ಗುರುತು, ಕೆಂಪು ದಾರದ ಮೂರು ಹೊಲಿಗೆ. ಅಚ್ಚು ಹೊಯ್ದ ಹಾಗೆ ಕೂತಿತ್ತು. ರಸ್ತೆಯಾಚೆ ಹೋಗುತ್ತಿದ್ದ ಗೋಣೆಪ್ಪನವರನ್ನು ಕೂತಲ್ಲಿಂದಲೇ ನೋಡಿ ಕೋಟು ಹೊಲಿದವರು ನೀವು, ಮಗಳದು ಯಾವ ಲೆಕ್ಕ. ಮರುವರ್ಷ ಮುಂಬಯಿಗೆ ಹೋಗುವಾಗ, ಪ್ರತಿ ಜೂನಿಗೆ ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಅಂಗಿ ಕಳಿಸುತ್ತೇನೆ ಎಂದಿರಿ. ಮಾತು ತಪ್ಪಲಿಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮುಂಬಯಿಯಲ್ಲಿ ನಿಮಗೆ ಇನ್ನೊಂದು ಮನೆ ಇದೆ ಎಂದು ಜನ ಪಿಸುಗುಟ್ಟಿದಾಗಲೆಲ್ಲ ಜೂನ್ ತಿಂಗಳ ಆ ಪಾರ್ಸಲನ್ನೇ ನೆನೆದು ಸುಮ್ಮನಾಗಿದ್ದೇನೆ.

ಮೊದಲ ಪಾರ್ಸಲು ಬಂದಾಗ ಅಂಗಿ ಭುಜದಲ್ಲಿ ಬಿಗಿಯಾಯಿತು. ಅಂಚು ಬಿಚ್ಚಿ ಇಳಿಸಿದರೂ ತೊಡಲಾಗಲಿಲ್ಲ. ಅಳತೆ ಕಳಿಸಲೇ ಎಂದು ನಿಮಗೆ ಬರೆದೆ. ನೀವು ಒಂದೇ ಸಾಲಿನ ಕಾರ್ಡು ಹಾಕಿದಿರಿ: "ನನ್ನ ಮಗಳಿಗೆ ನನಗೆ ಟೇಪು ಬೇಕೇನೆ?" ಆ ಸಾಲಿನಲ್ಲಿದ್ದ ಜಂಬ ಓದಿ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಮರುವರ್ಷದ್ದು ತಲೆಯಿಂದ ಕೆಳಗೇ ಇಳಿಯಲಿಲ್ಲ. ಮಗು ಆ ಅಂಗಿ ಹಿಡಿದುಕೊಂಡು ಅತ್ತಿತು. ಮಕ್ಕಳು ವರ್ಷಕ್ಕೆ ಎರಡು ಬೆರಳು ಬೆಳೆಯುತ್ತಾರೆ ಎಂಬುದು ನಿಮ್ಮ ಕಸುಬಿನ ಲೆಕ್ಕ. ನಿಮ್ಮ ಮಗಳಿಗೆ ಆ ಲೆಕ್ಕ ಯಾರೂ ಹೇಳಿರಲಿಲ್ಲ. ಗೇಣುಗೇಣು ಬೆಳೆದಳು. ಐವತ್ತೇಳರಲ್ಲಿ ಅತ್ತೆ ತೀರಿಕೊಂಡಾಗ ನೀವು ನಾಲ್ಕು ದಿನಕ್ಕೆ ಬಂದಿರಿ. ಆಗಲಾದರೂ ನೋಡುತ್ತೀರಿ ಎಂದುಕೊಂಡರೆ ಅವಳಿಗೆ ಮೈತುಂಬ ಅಮ್ಮ ಎದ್ದು ಗುತ್ತೂರಿನಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಸಾವಿನ ಮನೆಯಿಂದ ಬಂದವರು ಅಮ್ಮ ಎದ್ದ ಮಗುವಿನ ಹತ್ತಿರ ಹೋಗಬಾರದು ಎಂದು ಮಾಬೂಬೀ ಆಪಾ ನಿಮ್ಮನ್ನು ಹೊಸ್ತಿಲಲ್ಲೇ ತಡೆದರು. ಚಾದರ ಹೊದ್ದು ಮುದುಡಿ ಮಲಗಿದವಳ ಎತ್ತರ ಯಾವ ದರ್ಜಿಗೆ ಗೊತ್ತಾಗುತ್ತದೆ? ಮುಂದಿನ ಜೂನಿನ ಅಂಗಿಯೂ ಎರಡೇ ಬೆರಳು ಬೆಳೆದು ಬಂತು.

ನಾನು ಏನು ಮಾಡಿದೆ ಕೇಳಿ. ಮೂರನೆಯ ಪಾರ್ಸಲನ್ನು ಅವಳು ಶಾಲೆಯಿಂದ ಬರುವ ಮುಂಚೆಯೇ ಬಿಚ್ಚಿ ಟ್ರಂಕಿನಲ್ಲಿ ಮುಚ್ಚಿಟ್ಟೆ. ದಾವಣಗೆರೆಯ ಚೌಕಿಪೇಟೆಗೆ ಬಂದು ಒಂದು ಹೂವಿನ ಚೀಟಿ ಬಟ್ಟೆ ತಂದೆ. ನೀವು ಬಿಟ್ಟುಹೋದ ಮಷಿನ್ ಮೇಲೆ ನಾನೇ ಹೊಲಿದೆ. ಕಾಲರಿನ ಒಳಗೆ ಕೆಂಪು ದಾರದ ಮೂರು ಹೊಲಿಗೆಯನ್ನೂ ಹಾಕಿದೆ. ಅಬ್ಬಾ ಕಳಿಸಿದ್ದಾರೆ ಎಂದು ಕೊಟ್ಟೆ. ಸರಿಯಾಗಿ ಕೂತಿತು. ಅವಳು ಕುಣಿದಳು. ನಿಮಗೆ ಕಾರ್ಡು ಬರೆದೆ: ಅಂಗಿ ತಲುಪಿತು, ಸರಿಯಾಗಿ ಕೂತಿತು. ಎರಡೂ ಮಾತು ನಿಜವೇ, ಅಂಗಿ ಮಾತ್ರ ಬೇರೆ ಬೇರೆ. ಹೀಗೆಯೇ ಎಂಟು ವರ್ಷ ನಡೆಸಿದೆ. ಅಂಗಿ ಹೋಗಿ ಲಂಗ ಜಂಪರು ಬಂದರೂ ಬಿಡಲಿಲ್ಲ. ಅವಳು ಗೆಳತಿಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು: "ನಮ್ಮ ಅಬ್ಬಾ ಮುಂಬಯ್ಯಾಗ ಕುಂತು ನನ್ನ ಅಳತಿ ಹೇಳ್ತಾರ. ಟೇಪೇ ಬ್ಯಾಡ ಅವರಿಗೆ." ಒಳಗೆ ಅಡುಗೆ ಮಾಡುತ್ತ ಕೇಳಿಸಿಕೊಂಡವಳು ನಾನು. ನಿಮ್ಮ ಮೇಲೆ ಸಿಟ್ಟೂ ಬರುತ್ತಿತ್ತು, ನನ್ನ ಕೈಕೆಲಸಕ್ಕೆ ಹೆಮ್ಮೆಯೂ ಆಗುತ್ತಿತ್ತು. ಹೊಲಿಗೆಯನ್ನು ಯಾರೂ ನನ್ನದೆಂದು ಹೊಗಳಲಿಲ್ಲವಲ್ಲ ಎಂಬ ಸಣ್ಣ ಬುದ್ಧಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಟ್ರಂಕಿನಲ್ಲಿ ನಿಮ್ಮ ಅಂಗಿಗಳು ಹಾಗೆಯೇ ಕೂಡುತ್ತಾ ಬಂದವು. ಯಾರಿಗಾದರೂ ಕೊಡಲು ಮನಸ್ಸು ಬರಲಿಲ್ಲ. ಆಗ ಹೊಳೆದದ್ದು ಅವಳಿಗೆ ಹೊದೆಯಲು ಒಂದು ಕೌದಿ. ಪ್ರತಿ ಜೂನಿನಲ್ಲಿ ಆ ವರ್ಷದ ಅಂಗಿಯಿಂದ ಚೌಕ ಕತ್ತರಿಸಿ ಒಂದು ಸಾಲು ಕೂಡಿಸುವುದು, ಅವಳು ಶಾಲೆ ಮುಗಿಸಿದ ದಿನ ಕೈಗೆ ಕೊಡುವುದು. ಎದುರುಗಡೆ ನಿಮ್ಮ ಬಟ್ಟೆ, ಹಿಂದುಗಡೆ ನನ್ನ ಹಳೆ ಸೀರೆ. ನಾವಿಬ್ಬರೂ ಒಂದೇ ಕಡೆ ಇರುವ ಒಂದು ವಸ್ತುವಾದರೂ ಮಗುವಿಗೆ ಇರಲಿ ಎಂಬ ಆಸೆ. ಅವಳ ಕಣ್ಣಿಗೆ ಬೀಳಬಾರದೆಂದು ಹರಿಹರದ ನಮ್ಮ ಹಳೆ ಓಣಿಯ ಕೊಟ್ರವ್ವನ ಮನೆಯಲ್ಲಿ ಇಟ್ಟಿದ್ದೆ. ಹೈಸ್ಕೂಲಿಗೆಂದು ನಾವು ದಾವಣಗೆರೆಗೆ ಬಂದಮೇಲೂ ಪ್ರತಿ ಜೂನಿಗೆ ಒಂದು ದಿನ ಗಾಡಿ ಹತ್ತಿ ಹೋಗಿ ಸಾಲು ಕೂಡಿಸಿ ಬರುತ್ತಿದ್ದೆ. ಊರೆಲ್ಲಕ್ಕೂ ಕೌದಿ ಹೊಲಿದುಕೊಟ್ಟ ಕೊಟ್ರವ್ವ ಮೊದಲೇ ಎಚ್ಚರಿಸಿದ್ದಳು: "ಹೊಸ ಅರಿವಿ ಕೌದಿಗೆ ಹಾಕಬಾರ್ದವ್ವ. ಉಟ್ಟು ತೊಟ್ಟು ಬಿಟ್ಟಿದ್ದು ಹಾಕಬೇಕು. ಮೈ ತಾಕದ ಅರಿವಿ ಬೆಚ್ಚಗ ಇರಂಗಿಲ್ಲ. ಹುಡುಗಿ ತೊಟ್ಟಿದ್ದು ತಗಂಬಾ." ಹುಡುಗಿ ತೊಟ್ಟದ್ದು ನನ್ನ ಹೊಲಿಗೆಯದು, ನನಗೆ ಬೇಕಾದದ್ದು ನಿಮ್ಮ ಕೈಯದು. ಅದನ್ನು ಅವಳಿಗೆ ಹೇಗೆ ಹೇಳಲಿ? ಕೇಳಿಸದವಳ ಹಾಗೆ ಹೊಲಿಯುತ್ತಾ ಹೋದೆ. ಹೆಣ್ಣಿನ ಹಟ ನಿಮಗೆ ಗೊತ್ತಿದ್ದದ್ದೇ.

ಮೊನ್ನೆ ಗುರುವಾರ ಕೊಟ್ಟೆ. ಪಾಯಸ ಮಾಡಿದ್ದೆ. ಕೌದಿ ಬಿಚ್ಚಿ ಹಾಸಿದಾಗ ಅವಳ ಮುಖ ನೀವು ನೋಡಬೇಕಿತ್ತು. ಹನ್ನೊಂದು ಸಾಲು, ವರ್ಷಕ್ಕೊಂದು. ಮಂಡಿಯೂರಿ ಕೂತು ಕೈಯಾಡಿಸಿದಳು. ಮೊದಲ ಸಾಲಿನ ಬೂದಿ ಬಣ್ಣ ಗುರುತು ಹಿಡಿದಳು; ಅದೊಂದೇ ಅವಳು ತೊಟ್ಟು ಹರಿದದ್ದು, ತೊಳೆದು ತೊಳೆದು ಮೆತ್ತಗಾಗಿತ್ತು. ಅದಕ್ಕೆ ಕೆನ್ನೆ ಇಟ್ಟಳು. ಎರಡನೆಯ ಸಾಲು, ಮೂರನೆಯ ಸಾಲು, ಹೀಗೆ ಕೈ ಕೆಳಗೆ ಕೆಳಗೆ ಇಳಿಯಿತು. ಬಣ್ಣ ಒಂದೂ ಮಾಸಿಲ್ಲ, ಗಂಜಿಯ ಬಿರುಸೂ ಹೋಗಿಲ್ಲ. ಮುಖ ಎತ್ತಿ ನನ್ನನ್ನು ನೋಡಿ ಕೇಳಿದಳು: "ಈ ಒಂದು ಸಾಲು ನಂದು. ಉಳಿದವು ಯಾವ ಹುಡುಗೀವು ಅಮ್ಮಾ?"

ಅವಳ ಕಿವಿಗೂ ಜನರ ಮಾತು ಬಿದ್ದಿತ್ತು ಎಂದು ನನಗೆ ಆಗ ತಿಳಿಯಿತು. ಮುಂಬಯಿಯಲ್ಲಿ ಇನ್ನೊಬ್ಬ ಮಗಳಿದ್ದಾಳೆ, ಅವಳಿಗೆ ಹೊಲಿದು ಮಿಕ್ಕಿದ ಬಟ್ಟೆ ಇದು ಎಂದುಕೊಂಡುಬಿಟ್ಟಿದ್ದಳು. ಎಲ್ಲವನ್ನೂ ಹೇಳಿದೆ. ಟ್ರಂಕು ತೆರೆದು ಕತ್ತರಿಸಿ ಉಳಿದ ತುಂಡುಗಳನ್ನು, ನಿಮ್ಮ ಮೂರು ಹೊಲಿಗೆಯ ಕಾಲರುಗಳನ್ನು ತೋರಿಸಿದೆ. ಹೋದ ವರ್ಷದ ಜಂಪರಿನ ಭುಜವನ್ನು ತನ್ನ ಭುಜಕ್ಕೆ ಹಿಡಿದು ನೋಡಿಕೊಂಡಳು. ಅರ್ಧಕ್ಕೆ ಬಂತು. "ಅಬ್ಬಾನ ಕಣ್ಣಾಗ ನಾ ಇಷ್ಟೇ ಅದೀನಾ? ನನ್ನ ಮರ್ತೇಬಿಟ್ಟಾರ" ಎಂದಳು. ಹಾಗಲ್ಲ ಮಗಳೇ, ಮರೆತಿದ್ದರೆ ಅಂದಾಜಿನ ಮೇಲೆ ದೊಡ್ಡದೇ ಹೊಲಿಯುತ್ತಿದ್ದರು, ಮರೆಯದ್ದಕ್ಕೇ ಚಿಕ್ಕದಾಯಿತು ಎಂದೆ. ಮೇಜಿನ ಮೇಲೆ ನಿಂತ ಆರು ವರ್ಷದವಳನ್ನು ಕಣ್ಣಲ್ಲಿ ಇಟ್ಟುಕೊಂಡು ಹತ್ತು ವರ್ಷ ಹೊಲಿದವರು ನೀವು. ನನಗೆ ಅದು ತಿಳಿಯುತ್ತದೆ. ಹದಿನೇಳು ವರ್ಷದವಳಿಗೆ ಹೇಗೆ ತಿಳಿಯಬೇಕು? ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕೌದಿಯನ್ನು ನೀಟಾಗಿ ಮಡಿಚಿ ಮಷಿನ್ ಮೇಲೆ ಇಟ್ಟು, "ಅಬ್ಬಾ ಬಂದು ಕೊಟ್ರ ಧಾರವಾಡಕ್ಕ ತಗೊಂಡು ಹೋಗ್ತೀನಿ. ಇಲ್ಲಂದ್ರ ಇಲ್ಲೇ ಇರ್ಲಿ" ಎಂದಳು. ಲಕೋಟೆ ಕೊಟ್ಟಾಗ ವಿಳಾಸ ಬರೆಯಲಿಲ್ಲ.

ಮೂರು ದಿನವಾಯಿತು. ಕೌದಿ ಅಲ್ಲೇ ಇದೆ. ಮಷಿನ್ ಮೇಲೆ ಅದು ಇರುವುದರಿಂದ ನಾನು ಹೊಲಿಯಲೂ ಕೂತಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು ಈಗ ಅವಳು ಮೊದಲು, ನಾನು ಆಮೇಲೆ. ಮಿಲ್ಲಿನ ಸೈರನ್ ಕೂಗಿದಾಗ ಓಣಿಯ ಗಂಡಸರು ಬುತ್ತಿ ಹಿಡಿದು ಮನೆಗೆ ಬರುತ್ತಾರೆ. ನಾನು ಇಷ್ಟು ವರ್ಷ ಆ ಹೊತ್ತಿಗೆ ಬಾಗಿಲು ಮುಂದೆ ಮಾಡಿ ಅವಳ ಪಾಠ ಕೇಳುತ್ತಾ ಕೂರುತ್ತಿದ್ದೆ. ಹದಿನೇಳರ ನಂತರ ಏನು ಕೇಳಲಿ? ನನಗೆ ಒಂಟಿತನ ಆಗುತ್ತದೆ. ಇದನ್ನು ಹತ್ತು ವರ್ಷದಲ್ಲಿ ಒಂದು ಸಲವೂ ಬರೆದಿಲ್ಲ, ಇವತ್ತು ಬರೆದೆ. ಸುಳ್ಳು ಹೇಳಿದ್ದು ನಾನು, ನಿಮಗೂ ಅವಳಿಗೂ. ನೀವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಲೇ ಇರಲಿ ಎಂದು ಹೇಳಿದೆ. ಆದರೆ ಅಂಗಿ ಚಿಕ್ಕದಾಯಿತು ಎಂದು ಎರಡನೆಯ ವರ್ಷವೇ ಬರೆದಿದ್ದರೆ ಒಂದು ಸಲ ಬಂದು ನೋಡಿ ಹೋಗುತ್ತಿದ್ದಿರೋ ಏನೋ. ಆ ಒಂದು ಯೋಚನೆ ನನ್ನನ್ನು ತಿನ್ನುತ್ತಿದೆ.

ನಿಮ್ಮನ್ನು ಬನ್ನಿ ಎಂದು ಒತ್ತಾಯಿಸಬಾರದೆಂದು ನಿಶ್ಚಯ ಮಾಡಿಯೇ ಪೆನ್ನು ಹಿಡಿದಿದ್ದೇನೆ. ಮಾಲೀಕರ ಮಾತು, ಹಬ್ಬದ ಕೆಲಸ, ರಜೆ, ಎಲ್ಲ ನಿಮ್ಮ ಕಾರ್ಡುಗಳಲ್ಲಿ ಓದಿ ಬಾಯಿಪಾಠವಾಗಿದೆ. ಅನುಕೂಲ ನೋಡಿಕೊಳ್ಳಿ. ಆ ಕಣ್ಣನ್ನು ಮಾತ್ರ ಡಾಕ್ಟರಿಗೆ ತೋರಿಸಿ. ಅಲ್ಲಾಹನು ನಿಮ್ಮ ಕೈಯನ್ನೂ ಕಣ್ಣನ್ನೂ ಕಾಯಲಿ. ಮಾಬೂಬೀ ಆಪಾ ದುವಾ ತಿಳಿಸಿದ್ದಾರೆ. ಕೊಟ್ರವ್ವ ಕೇಳಿದಳೆಂದು ಹೇಳು ಎಂದಿದ್ದಾಳೆ.

ನಿಮ್ಮ
ಖೈರುನ್ನೀಸಾ

ಮರೆತ ಮಾತು: ಡಬ್ಬಿಯ ಟಪಾಲು ತೆಗೆಯುವ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಈ ಜೂನಿಗಾದರೂ ಅಂಗಿ ಸರಿಯಾಗಿ ಬರಲಿ ಎಂದು, ಖುರ್ಷೀದಾ ಮಲಗಿದ್ದಾಗ ಅವಳ ಭುಜ, ತೋಳು, ಉದ್ದ ಅಳೆದು ಕಾಗದದ ಪಟ್ಟಿಗೆ ಕಚ್ಚು ಹಾಕಿ ಲಕೋಟೆಯಲ್ಲಿ ಇಟ್ಟಿದ್ದೆ. ಈಗ ಅಂಟು ಹಚ್ಚುವಾಗ ಅವಳು ಬಂದಳು. ಪಟ್ಟಿಯನ್ನು ಹೊರಗೆ ತೆಗೆದು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಳು. "ಅಳತಿ ಕಳಿಸಬ್ಯಾಡಮ್ಮಾ" ಎಂದಳು. "ಅಬ್ಬಾನೇ ಬಂದು ತಗೊಳ್ಲಿ. ಹದಿನೇಳರ ಸೋಮವಾರದ ಗಾಡಿ ಬರೋ ತನಕ ನಾ ನಿಂತ್ಕೊಂತೀನಿ."