ಕಳ್ಳ ಗಿರಾಕಿ

ಹೈರಿಡ್ಜ್, ನೈರೋಬಿ
14 ಮಾರ್ಚ್ 1993, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮೈಸೂರಿನ ಬಿಸಿಲಿಗೆ ಸ್ವಲ್ಪ ಇಳಿದಿರಬೇಕು ಎಂದುಕೊಂಡಿದ್ದೇನೆ. ಬಾಣಂತಿಯನ್ನು ನೋಡಿಕೊಳ್ಳಲು ಹೋದವಳು ನೀನೇ ಬಾಣಂತಿಯ ಹಾಗೆ ಮಲಗಿಬಿಡಬೇಡ. ಜಯಲಕ್ಷ್ಮಿ ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಮಗು ಒಂದೇ ಸಮನೆ ಅಳುತ್ತದೆ ಎಂದು ನೀನು ಬರೆದಿದ್ದೆ. ಅಕ್ಕನೂ ಹಾಗೇ ಅಳುತ್ತಿದ್ದಳೆಂದು ನೀನೇ ಹೇಳುತ್ತಿದ್ದೆಯಲ್ಲ, ಈಗ ಅವಳ ಸರದಿ ಎಂದು ಹೇಳು.

ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿದೆ, ಎರಡು ಸಲವೂ ಕೆಳಗಿಟ್ಟೆ. ಅಪ್ಪನ ಆರೋಗ್ಯಕ್ಕೆ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಆದರೆ ಅವರ ಅಂಗಡಿ ಕೆಲಸ ಹೋಗಿದೆ. ‘ಅಮ್ಮಂಗೆ ಬರೀಬೇಡ, ಬಾಣಂತನ ಮುಗಿಸ್ಕೊಂಡು ಬರ್ಲಿ’ ಎಂದು ಹತ್ತು ದಿನದಿಂದ ನನ್ನ ಬಾಯಿ ಕಟ್ಟಿಹಾಕಿದ್ದಾರೆ. ಇನ್ನು ನನ್ನಿಂದ ಆಗುವುದಿಲ್ಲ. ನನಗೆ ಎಲ್ಲರ ಮೇಲೂ ಹೇಸಿಗೆಯಾಗಿದೆ ಅಮ್ಮಾ, ಅನ್ನ ಸೇರುತ್ತಿಲ್ಲ. ನಿನ್ನನ್ನು ಬಿಟ್ಟರೆ ಹೇಳಿಕೊಳ್ಳಲು ನನಗೆ ಇನ್ಯಾರಿದ್ದಾರೆ.

ನಮ್ಮ ಆಫೀಸಿನ ಆಲ್ಫ್ರೆಡ್ ಸಾಹೇಬರು ನಿನಗೆ ಗೊತ್ತು, ಮಂಗಳೂರಿನವರು, ಕ್ರಿಸ್‌ಮಸ್ಸಿಗೆ ಮನೆಗೆ ಕುಸ್ವಾರ್ ತಿಂಡಿ ತಂದುಕೊಡುವವರು. ಕಂಪನಿಗಳಿಗೆ ಗುಮಾಸ್ತರನ್ನೋ ಡ್ರೈವರುಗಳನ್ನೋ ಹುಡುಕಿಕೊಡುವುದು ನಮ್ಮ ಕಸುಬು. ಜನವರಿಯಲ್ಲಿ ಲಂಡನ್ನಿನ ಒಂದು ಕಂಪನಿಯಿಂದ ಫ್ಯಾಕ್ಸ್ ಬಂತು. ಪೋಲಿಷ್ ಮತ್ತು ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಆರು ಜನ ಬೇಕು. ಇನ್ನು ಮೇಲೆ ಪೋಲೆಂಡಿನ ಪ್ರವಾಸಿಗಳು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರಂತೆ, ಅವರನ್ನು ಯಾವ ಅಂಗಡಿಗೆ ಕರೆದೊಯ್ಯಬೇಕು ಎಂದು ಮೊದಲೇ ಪರೀಕ್ಷೆ ಮಾಡಬೇಕಂತೆ. ಆ ಆರು ಜನ ಗಿರಾಕಿಗಳ ವೇಷದಲ್ಲಿ ಹೋಗಿ, ಸಾಮಾನು ಕೊಂಡು, ನಗುನಗುತ್ತಾ ಮಾತಾಡಿ, ಮನೆಗೆ ಬಂದು ಅಂಗಡಿಯವರು ಏನೇನು ಮಾಡಿದರು ಎಂದು ಬರೆದುಕೊಡಬೇಕು. ಇದಕ್ಕೆ ಮಿಸ್ಟರಿ ಶಾಪಿಂಗ್ ಎಂದು ಹೆಸರು. ಹೆಸರು ಎಷ್ಟು ನಾಜೂಕಾಗಿದ್ದರೇನು, ಉಂಡ ಮನೆಯ ಜಂತೆ ಎಣಿಸುವ ಕೆಲಸ ಅದು. ಆಗ ನನಗೆ ಹಾಗೆ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಮಜಾ ಅನ್ನಿಸಿತ್ತು.

ನೈರೋಬಿಯಲ್ಲಿ ಪೋಲಿಷ್ ಮಾತಾಡುವವರನ್ನು ಹುಡುಕುವುದೆಂದರೆ ನೀನು ನನಗೆ ವರ ಹುಡುಕಿದಷ್ಟೇ ಕಷ್ಟ. ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಒಬ್ಬ ಜೆಕ್ ಹೆಂಗಸು ಬಂದು, ಎರಡೂ ಒಂದೇ ತರಹ, ಯಾರಿಗೆ ಗೊತ್ತಾಗುತ್ತದೆ ಎಂದಳು. ಒಬ್ಬರು ಪಾದ್ರಿ, ನಿಜವಾದ ಪೋಲೆಂಡಿನವರೇ, ಕೆಲಸ ಏನೆಂದು ಪೂರ್ತಿ ಕೇಳಿಸಿಕೊಂಡು, ‘ಅದು ಸುಳ್ಳು ಹೇಳಿದ ಹಾಗಲ್ಲವೇ ಮಗಳೇ’ ಎಂದು ಎದ್ದುಹೋದರು. ನಾನೂ ಆಲ್ಫ್ರೆಡ್ ಸಾಹೇಬರೂ ಅವರ ಬೆನ್ನ ಹಿಂದೆ ನಕ್ಕೆವು. ಆ ನಗುವನ್ನು ನೆನೆಸಿಕೊಂಡರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಕೊನೆಗೆ ನತಾಲಿಯಾ ಎಂಬ ಅರವತ್ತು ದಾಟಿದ ಹೆಂಗಸು ಸಿಕ್ಕಿದರು. ಯುದ್ಧದ ಕಾಲದಲ್ಲಿ ಪೋಲೆಂಡ್ ಬಿಟ್ಟು ಹುಡುಗಿಯಾಗಿ ಹಡಗಿನಲ್ಲಿ ಆಫ್ರಿಕಾಕ್ಕೆ ಬಂದು ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು, ಇಲ್ಲೇ ಮದುವೆಯಾಗಿ ಇಲ್ಲೇ ಉಳಿದವರು. ಮಿಕ್ಕ ಐವರನ್ನೂ ಅವರೇ ಹುಡುಕಿಕೊಟ್ಟರು. ಯಾವ ಅಂಗಡಿಗೆ ಹೋಗಬೇಕೆಂಬ ಪಟ್ಟಿ ಲಂಡನ್ನಿನಿಂದ ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಅವರವರ ಕೈಗೆ ಬಂತು. ನಮಗೆ ಬರುತ್ತಿದ್ದದ್ದು ಬರೀ ನಂಬರು. ಅವರು ಬರೆದು ತಂದದ್ದನ್ನು ಟೈಪು ಮಾಡಿ ಫ್ಯಾಕ್ಸ್ ಮಾಡುವುದು ನನ್ನ ಕೆಲಸ.

ಫೆಬ್ರವರಿಯ ಒಂದು ಮಧ್ಯಾಹ್ನ ಅಂಗಡಿ ನಂಬರ್ ನಾಲ್ಕಕ್ಕೆ ಹೋಗಿದ್ದ ನತಾಲಿಯಾ ಅವರ ವರದಿ ನನ್ನ ಮೇಜಿಗೆ ಬಂತು. ಅರ್ಧ ಕಿಲೋ ಗೋಡಂಬಿ ಕೇಳಿದೆ, ಕೌಂಟರಿನ ವಯಸ್ಸಾದ ಮನುಷ್ಯ ಮೊದಲು ಕೂರಲು ಕುರ್ಚಿ ಕೊಟ್ಟರು, ತೂಕ ಮಾಡಿ ಬಿಲ್ಲು ಬರೆದು ಪೊಟ್ಟಣದ ಬಾಯಿ ಮಡಿಚಿದರು, ಆಮೇಲೆ ಮತ್ತೆ ಬಿಚ್ಚಿ ಇನ್ನೊಂದು ಹಿಡಿ ಹಾಕಿದರು, ಇದೇಕೆ ಎಂದು ಕೇಳಿದರೆ ‘ಕೊಸರು’ ಎಂದರು, ಎಂದು ನತಾಲಿಯಾ ಬರೆದಿದ್ದರು. ಆ ಪದವನ್ನು ಕಿವಿಗೆ ಬಿದ್ದ ಹಾಗೆ ತಮ್ಮ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಈ ಊರಿನಲ್ಲಿ ಕೊಸರು ಹಾಕಿ ಅದನ್ನು ಕನ್ನಡದಲ್ಲೇ ಹೇಳುವವರು ಅಪ್ಪನಲ್ಲದೆ ಇನ್ಯಾರು. ನಾನು ಕೂತಲ್ಲೇ ನಕ್ಕುಬಿಟ್ಟೆ. ನತಾಲಿಯಾ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದರು. ಆದರೆ ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು, ಬಿಲ್ಲಿನಲ್ಲಿಲ್ಲದ ಮಾಲು ಕೈಗೆ ಬಂತೇ, ಹೌದು ಅಥವಾ ಇಲ್ಲ. ಹೌದು ಎಂದು ಟೈಪು ಮಾಡಿದೆ. ನಡೆದದ್ದು ಅದೇ ತಾನೇ.

ಹಳೆಯ ಮಾಲೀಕ ಸೇಠ್‌ಜಿಯ ಕಾಲ ಬೇರೆ. ಅವರೇ ಬಂದು ಅಪ್ಪನ ಕೈಯಿಂದ ಕೊಸರು ಇಸಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಳೆದ ವರ್ಷ ಅಂಗಡಿ ಕೊಂಡ ಹೊಸಬರಿಗೆ ಕೊಸರು ಅಂದರೆ ಸೋರಿಕೆ. ಲಂಡನ್ನಿನವರು ವರದಿಯ ಒಂದು ಪ್ರತಿಯನ್ನು ಅವರಿಗೂ ಕಳಿಸಿದ್ದರಂತೆ. ಈ ತಿಂಗಳು ನಾಲ್ಕನೆಯ ತಾರೀಖು ಅಪ್ಪನನ್ನು ಒಳಗೆ ಕರೆದು ಕಾಗದ ಕೊಟ್ಟರು. ಮಾಲೀಕರ ಮಾಲನ್ನು ಪ್ರತಿಯೊಬ್ಬ ಗಿರಾಕಿಗೂ ಪ್ರತಿ ಸಲವೂ ಹತ್ತೊಂಬತ್ತು ವರ್ಷದಿಂದ ಬಿಲ್ಲಿಲ್ಲದೆ ಕೊಡುತ್ತಾ ಬಂದಿದ್ದೀರಿ ಎಂದು ಗುಪ್ತ ಪರೀಕ್ಷೆಯಲ್ಲಿ ಗೊತ್ತಾಗಿದೆ, ಆದ್ದರಿಂದ ಈ ಕ್ಷಣದಿಂದ ನೀವು ಕೆಲಸದಲ್ಲಿಲ್ಲ ಎಂದು ಅದರಲ್ಲಿತ್ತು. ಅಷ್ಟಕ್ಕೇ ಬಿಡಲಿಲ್ಲ. ಹೋಗುವಾಗ ಬಾಗಿಲಲ್ಲಿ ಗಿರಾಕಿಗಳ ಎದುರಿಗೇ ಅವರ ಚೀಲ ತಪಾಸಣೆ ಮಾಡಿಸಿದರು. ದಿನಾ ಬೆಳಿಗ್ಗೆ ಅಪ್ಪನ ಜೊತೆ ಚಹಾ ಕುಡಿಯುತ್ತಿದ್ದ, ಬಾಗಿಲು ಕಾಯುವ ಅಸ್ಕಾರಿಯ ಕೈಯಲ್ಲೇ ಮಾಡಿಸಿದರು. ಅವನು ‘ಪೋಲೆ ಮ್ಝೇ, ಪೋಲೆ’ ಎಂದು ಕ್ಷಮೆ ಕೇಳುತ್ತಲೇ ಊಟದ ಡಬ್ಬಿ ಬಿಚ್ಚಿದನಂತೆ. ಒಳಗೆ ಉಳಿದಿದ್ದ ಮೊಸರನ್ನದಲ್ಲೂ ಚಮಚ ಆಡಿಸಿ ನೋಡಿ ಎಂದು ಹೊಸ ಮ್ಯಾನೇಜರು ಹೇಳಿದನಂತೆ. ಅಪ್ಪ ಅಂದು ಮಟಾಟು ಹತ್ತದೆ ಅಂಗಡಿಯಿಂದ ಮನೆಯವರೆಗೆ ನಡೆದೇ ಬಂದರು. ಡಬ್ಬಿಯನ್ನು ಮೂರು ಸಲ ತೊಳೆದರು. ಈಗಲೂ ಬೆಳಿಗ್ಗೆ ಏಳೂವರೆಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೂರುತ್ತಾರೆ, ಪಕ್ಕದ ಮನೆಯವರು ಕೇಳಿದರೆ ರಜೆ ಎನ್ನುತ್ತಾರೆ. ಬೇರೆ ಯಾವ ಅಂಗಡಿಯವರೂ ಕರೆಯುತ್ತಿಲ್ಲ. ಕಳ್ಳ ಎಂಬ ಮಾತಿಗೆ ಕಾಲು ಜಾಸ್ತಿ.

ನಾನು ಆಲ್ಫ್ರೆಡ್ ಸಾಹೇಬರ ಹತ್ತಿರ ಹೋಗಿ, ಲಂಡನ್ನಿಗೆ ಬರೆಯಿರಿ, ಕೊಸರು ಅಂದರೆ ಏನೆಂದು ತಿಳಿಸಿ, ನೀವೂ ನಮ್ಮ ಕಡೆಯವರೇ ಅಲ್ಲವೇ ಎಂದೆ. ‘ಕಳಿಸಿದ ವರದಿ ತಿದ್ದಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ನಾವು ಜನ ಹುಡುಕಿ ಕೊಡುವುದು, ಅಷ್ಟೇ. ನಿನ್ನ ಅಪ್ಪ ಅಂತ ಎಂತಕ್ಕೆ ಮೊದಲೇ ಹೇಳಲಿಲ್ಲ?’ ಎಂದರು. ಆಮೇಲೆ, ಮೊಂಬಾಸಾಕ್ಕೆ ಇನ್ನೂ ಹತ್ತು ಜನ ಬೇಕಂತೆ, ಕೆಲಸ ಮೆಚ್ಚಿದ್ದಾರೆ ಎಂದು ಅದೇ ಉಸಿರಿನಲ್ಲಿ ಹೇಳಿ ನನ್ನ ಮುಂದೆ ಬಿಸ್ಕತ್ತಿನ ತಟ್ಟೆ ಸರಿಸಿದರು. ನತಾಲಿಯಾ ಅವರ ಮೇಲೆ ಕೂಗಾಡೋಣವೆಂದು ಅವರ ಮನೆಗೂ ಹೋದೆ. ಅವರು ವಿಷಯ ಕೇಳಿ ಬಿಳಿಚಿಕೊಂಡರು. ತಾವು ಬರೆದದ್ದರ ಪ್ರತಿಯನ್ನು ತಂದು ಸಾಲು ಸಾಲಾಗಿ ಓದಿ ಹೇಳಿದರು. ಅದರಲ್ಲಿ ಅಪ್ಪನ ಬಗ್ಗೆ ಒಂದೇ ಒಂದು ಕೆಟ್ಟ ಮಾತಿರಲಿಲ್ಲ. ನಾನು ಕೂಗಾಡದೆ ಎದ್ದುಬಂದೆ.

ನಾಳೆ ರಾಜೀನಾಮೆ ಕೊಡುತ್ತೇನೆ. ಮನೆ ಹೇಗೆ ನಡೆಯುತ್ತದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಆ ಕುರ್ಚಿಯಲ್ಲಿ ಮಾತ್ರ ಇನ್ನು ಕೂರಲಾರೆ. ನೀನು ತಕ್ಷಣ ಹೊರಟುಬರಬೇಡ, ಅಕ್ಕನಿಗೆ ನೀನು ಬೇಕು. ಅವಳಿಗೂ ಭಾವನಿಗೂ ನನ್ನ ನೆನಪು ತಿಳಿಸು, ಮಗುವಿನ ಹಣೆಗೆ ನನ್ನ ಪರವಾಗಿ ಒಂದು ಮುತ್ತು. ನಿನ್ನ ಆಶೀರ್ವಾದ ಈ ಸಲ ನನಗೆ ಸ್ವಲ್ಪ ಹೆಚ್ಚೇ ಬೇಕು.

ನಿನ್ನ ಮಗಳು,
ಅಂಬುಜಾ

ತಾ.ಕ.: ಅಮ್ಮಾ, ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ಪ್ರತಿ ಗಿರಾಕಿಗೆ, ಪ್ರತಿ ಸಲ, ಹತ್ತೊಂಬತ್ತು ವರ್ಷ ಎಂಬ ಮಾತು ನತಾಲಿಯಾ ಬರೆದದ್ದಲ್ಲ. ಅದನ್ನು ಸೇರಿಸಿದವಳು ನಾನು. ನಮ್ಮಪ್ಪನಂಥವರು ಇರುತ್ತಾರೆಂದು ಲಂಡನ್ನಿನವರಿಗೂ ಗೊತ್ತಾಗಲಿ, ಅಪ್ಪನಿಗೊಂದು ಬಹುಮಾನ ಬರಲಿ ಎಂದು ಹೆಮ್ಮೆಯಿಂದ ಸೇರಿಸಿ, ಕೆಳಗೆ ಗೆರೆಯನ್ನೂ ಎಳೆದೆ. ಅಪ್ಪನಿಗೆ ಇದು ಗೊತ್ತಿಲ್ಲ. ಆ ಕಾಗದವನ್ನು ದಿನಾ ತೆಗೆದು ಓದುತ್ತಾರೆ, ಓದಿ ನನಗೆ ಸಮಾಧಾನ ಹೇಳುತ್ತಾರೆ: ‘ಬರೆದೋರ ಮೇಲೆ ಕೋಪ ಮಾಡ್ಕೋಬೇಡ ಕಣೇ ಅಂಬು. ಕೊಸರು ಅಂದ್ರೆ ಏನೂಂತ ಪಾಪ ಅವರಿಗೆ ಹೇಗೆ ಗೊತ್ತಿರತ್ತೆ.’ ಈಗಲೂ ಪಕ್ಕದ ಕೋಣೆಯಲ್ಲಿ ಅದನ್ನೇ ಹಿಡಿದು ಕೂತಿದ್ದಾರೆ. ನಾನು ಎದ್ದು ಹೋಗಿ ಹೇಳುತ್ತೇನೆ.